ಪಟ್ಟಿಯಲ್ಲಿಲ್ಲದ ಮೊರೆಲ್ಲಿ

ಮನಾಮಾ,
ಫೆಬ್ರವರಿ 2009

ಪ್ರೀತಿಯ ಪಪ್ಪಾ,

ಮೂರು ದಿನದಿಂದ ನೀವು ನನ್ನೊಡನೆ ಮಾತಾಡಿಲ್ಲ. ಅದಕ್ಕೇ ಅಸ್ಕರ್‌ನ ಕಾರ್ಖಾನೆಗೆ ಡ್ಯೂಟಿಗೆ ಹೋಗುವಾಗ ನೀವು ಒಯ್ಯುವ ಊಟದ ಚೀಲದಲ್ಲಿ ಈ ಕಾಗದ ಇಡುತ್ತಿದ್ದೇನೆ. ಕೊಂಕಣಿಯಲ್ಲಿ ಜಗಳವಾಡುವ ನಮಗಿಬ್ಬರಿಗೂ ನೆಟ್ಟಗೆ ಬರೆಯಲು ಬರುವುದು ಕನ್ನಡವೇ ತಾನೆ?

ಜೆರಿಯ ಮನೆಯವರು ನನ್ನನ್ನು ನೋಡಲು ಬಂದ ದಿನ ನೀವು ಕಂಪ್ಯೂಟರಿನಿಂದ ತೆಗೆದ ಒಂದು ಪಟ್ಟಿ ಓದಿದಿರಿ. ಮೊರೆಲ್ಲಿ ಎಂಬ ಹೆಸರಿನ ಫುಟ್‌ಬಾಲ್ ಆಟಗಾರರು, ಚಿತ್ರಕಾರರು, ಹಾಡುಗಾರ್ತಿಯರು. "ಇವರೆಲ್ಲ ನಮ್ಮದೇ ಕುಟುಂಬ, ನಮ್ಮ ಹಿರಿಯರು ಇಟಲಿಯಿಂದ ಬಂದವರು" ಎಂದಿರಿ. ನಿಮ್ಮ ಮೈಬಣ್ಣ ನೋಡಿಯೂ ಅವರು ತಲೆಯಾಡಿಸಿದರಲ್ಲ, ಅದೇ ಸೋಜಿಗ! ಆಗ ಜೆರಿಯ ತಾಯಿ ನನ್ನತ್ತ ತಿರುಗಿ, "ಅಂದ್ರೆ ಅನಾಥಾಶ್ರಮದ ಹೆಸರಲ್ಲ ಅಲ್ವಾ ಮಗಾ? ಊರಲ್ಲಿ ಯಾರೋ ಹಾಗೆ ಹೇಳಿದ್ರು ಮಾರಾಯ್ತಿ" ಎಂದು ಕೇಳಿದರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನೀವು ಕಣ್ಣಲ್ಲೇ ಗದರಿಸಿದಿರಿ. ನಾನು ಬಾಯಿ ಬಿಟ್ಟೆ. ಕಾರ್ಮಿನ್ ಅಜ್ಜಿ ನನಗೆ ಹೇಳಿದ್ದನ್ನೇ ಹೇಳಿದೆ. ಕಾಲರಾದಲ್ಲಿ ಹೆತ್ತವರನ್ನು ಕಳೆದುಕೊಂಡ ಮಗುವನ್ನು ಮಂಗಳೂರಿನಲ್ಲಿ ಇಟಲಿಯ ಪಾದ್ರಿಯೊಬ್ಬರು ಸಾಕಿ, ತಮ್ಮ ಹೆಸರು ಕೊಟ್ಟರು. ಆ ಮಗು ಬೆಳೆದು ಬಡಗಿಯಾದ. ಸತ್ತ ಬಡವರಿಗೆಲ್ಲ ಬಿಟ್ಟಿಯಾಗಿ ಶವಪೆಟ್ಟಿಗೆ ಮಾಡಿಕೊಟ್ಟ. ನನ್ನ ಮುತ್ತಜ್ಜ ಅವನೇ. ನಿಮ್ಮ ಪಟ್ಟಿಯ ಯಾರ ಮೇಲೂ ನನಗೆ ಸಿಟ್ಟಿಲ್ಲ, ಆದರೆ ಅವರಲ್ಲಿ ಒಬ್ಬರಾದರೂ ನಮಗೆ ಏನಾಗಬೇಕು?

ಸಂಬಂಧ ತಂದ ಯುಸ್ಟೇಸ್ ಅಂಕಲ್ ನಿನ್ನೆ ಫೋನ್ ಮಾಡಿದ್ದರು. "ಶುಕ್ರವಾರ ಚರ್ಚಲ್ಲಿ ಪೂಜೆ ಮುಗಿಸಿ ಜೆರಿ ಮನೆಯವರು ಮತ್ತೆ ಬರ್ತಾರೆ. ತಮಾಷೆಗೆ ಹೇಳಿದ್ದು ಅಂತ ಒಂದು ಮಾತು ಹೇಳಿಬಿಡು, ಎಲ್ಲ ಸರಿ ಆಗ್ತದೆ" ಎಂದರು.

ನಾನು ಹೇಳುವುದಿಲ್ಲ. ಜೆರಿ ನನಗೆ ಇಷ್ಟವಾಗಿದ್ದ, ಅದನ್ನು ಹೇಳಲು ನಾಚಿಕೆಯೇನೂ ಇಲ್ಲ. ಆದರೆ ಅಂದು ಅವನೂ ತುಟಿ ಪಿಟಕ್ಕೆನ್ನದೆ ಕೂತ. ಮುತ್ತಜ್ಜನನ್ನು ಮುಚ್ಚಿಟ್ಟು ಅವನ ಮನೆಯ ಹೊಸಿಲು ನಾನು ದಾಟಲಾರೆ.

ಈ ಹೆಸರಿಗಾಗಿ ಚಿಕ್ಕಂದಿನಲ್ಲಿ ನಿಮ್ಮನ್ನು ಯಾರ್ಯಾರು ಹಂಗಿಸಿದರೋ, ನೀವು ಎಂದೂ ಹೇಳಿಕೊಂಡವರಲ್ಲ. ಆ ಮಾತು ನನ್ನ ಕಿವಿಗೂ ಬೀಳಬಾರದೆಂದೇ ಆ ಹೆಸರುಗಳನ್ನೆಲ್ಲ ಹುಡುಕಿದಿರಿ. ಅದು ನೆನಪಾದರೆ ಅಳು ಬರುತ್ತದೆ. ಆದರೂ ನನಗೆ ಆ ಪಟ್ಟಿಯ ಆಸರೆ ಬೇಡ ಪಪ್ಪಾ.

ಶುಕ್ರವಾರ ಅದೇ ಮಾತನ್ನು ಮತ್ತೆ ಹೇಳುತ್ತೇನೆ, ಈ ಸಲ ಇನ್ನೂ ಗಟ್ಟಿಯಾಗಿ. ಒಪ್ಪಿದರೆ ಚಹಾ ಕುಡಿಯಲಿ, ಇಲ್ಲವಾದರೆ ಎದ್ದು ಹೋಗಲಿ. ನೀವು ನನ್ನ ಪಕ್ಕದಲ್ಲಿ ಕೂತರೆ ಸಾಕು.

ದೇವರು ನಿಮ್ಮ ತಲೆಯನ್ನು ಸದಾ ಎತ್ತಿಯೇ ಇಡಲಿ.

ಮದುವೆಯಾದರೂ, ಆಗದಿದ್ದರೂ,
ನಿಮ್ಮ ಮಗಳು
ಅನಿಶಾ ಮೊರೆಲ್ಲಿ