ಬೇಳೆ ಬೇಯುವ ಊರು

ಅಷ್ಟೂರ
೧೦ ಫೆಬ್ರುವರಿ ೧೯೫೭

ನನ್ನ ಮುದ್ದಿನ ಅಲಕಾ,

ನಿನಗೂ ಅಳಿಯಂದಿರಿಗೂ ನಮ್ಮಿಬ್ಬರ ಆಶೀರ್ವಾದ. ಮೇಲಿನ ಊರಿನ ಹೆಸರು ಓದಿಯೇ ನಿನ್ನ ಮುಖ ಸಣ್ಣದಾಗಿರುತ್ತದೆ, ಗೊತ್ತು. ಹೌದು, ನಾವು ಭಾಲ್ಕಿಗೆ, ನಿಮ್ಮ ಮನೆಗೆ ಇರಲು ಬರುವುದಿಲ್ಲ. ಬೀದರಿನ ಬಾಡಿಗೆ ಮನೆ ಬಿಟ್ಟು ಹತ್ತು ದಿನದ ಹಿಂದೆ ಇಲ್ಲಿಗೆ ಬಂದು ಒಲೆ ಹೂಡಿದೆವು. ನಮಗಾಗಿ ನೀನು ಸುಣ್ಣ ಬಳಿಸಿಟ್ಟ ಕೋಣೆಯಲ್ಲಿ ಜೋಳ ತುಂಬಿಕೋ, ಕೋಪ ಮಾತ್ರ ತುಂಬಿಕೊಳ್ಳಬೇಡ.

ನಿನ್ನ ಅಪ್ಪನ ಪರೀಕ್ಷೆ ನಿನಗೆ ತಿಳಿದದ್ದೇ. ಮೂವತ್ತು ವರ್ಷ ಕಂದಾಯ ಇಲಾಖೆಯ ಗಿರ್ದಾವರರಾಗಿ ಔರಾದ ಸೀಮೆಯ ಹೊಲಗಳನ್ನು ನೋಡುತ್ತಾ ಊರೂರಿನ ನೀರು ಕುಡಿದವರು. ನಾವು ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳೇ ನೌಕರಿ ಮುಗಿಯಿತು. ಉರ್ದು ಕಾಗದಗಳನ್ನೆಲ್ಲ ಒಪ್ಪಿಸಿ ಬಂದವರೇ, "ಯಾವ ಊರಾಗ ತೊಗರಿಬ್ಯಾಳಿ ಲಗೂ ಕುದೀತದ, ಅಲ್ಲೇ ನಮ್ಮ ಮನಿ" ಎಂದು ಫರ್ಮಾನು ಹೊರಡಿಸಿದರು. ಸವಳು ನೀರಿನಲ್ಲಿ ಬೇಳೆ ಬೇಯದು, ಅಂಥ ನೀರು ವಯಸ್ಸಾದವರ ಹೊಟ್ಟೆಗೂ ಆಗದು ಎಂಬುದು ಅವರ ವಾದ. ಬೇಳೆಯ ಗಂಟು, ಪಾತ್ರೆ ಹಿಡಿದು ತಿರುಗುವ ನಮ್ಮನ್ನು ನೋಡಿ ಜನ ಪಂಢರಪುರಕ್ಕೆ ಹೊರಟವರು ಅಂದುಕೊಂಡರು.

ಚಿಂತಾಕಿಯಲ್ಲಿ ಮಧ್ಯಾಹ್ನದವರೆಗೆ ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯಿತು. ಸಂಕ್ರಾಂತಿಗೆ ನಿಮ್ಮಲ್ಲಿಗೆ ಬಂದಾಗ, ಆಗ ತಾನೇ ತೋಡಿಸಿದ್ದ ನಿಮ್ಮ ಹಿತ್ತಲ ಬಾವಿಯ ಮೊದಲ ನೀರಿನಲ್ಲೂ ಹಾಗೇ ಆಯಿತು. ನಿನ್ನ ಅಪ್ಪ ಒಂದು ಬೇಳೆ ಹಿಸುಕಿ ನೋಡಿ ತಲೆಯಾಡಿಸಿದಾಗ ಅಳಿಯಂದಿರ ಮುಖ ನೋಡಲು ನನ್ನಿಂದಾಗಲಿಲ್ಲ.

ಇಲ್ಲಿ ಹಳೆಯ ಸುಲ್ತಾನರ ಗೋರಿಗಳ ಗುಮ್ಮಟಗಳ ಹಿಂದೆ ಅಬ್ದುಲ ವಾಹೀದ ಸಾಹೇಬರ ಹೊಲ. ಅದರಂಚಿನ ಎರಡು ಕೋಣೆಯ ಮನೆ ನಮಗೆ. ಹೊಲದಲ್ಲಿ ಮೆಟ್ಟಿಲಿರುವ ದೊಡ್ಡ ಬಾವಿ. ಮೊದಲ ದಿನ ನಾನು ಪಾತ್ರೆ ಒಲೆಗಿಟ್ಟೆ, ನಿನ್ನ ಅಪ್ಪ ಧೋತರ ಬಿಗಿದು ಬಾವಿಗೆ ಹಾರಿದರು. ಐವತ್ತೈದರ ಮನುಷ್ಯ! ಈಜಿ ಮೇಲೆ ಬರುವಷ್ಟರಲ್ಲಿ ಬೇಳೆ ಬೆಣ್ಣೆಯಾಗಿತ್ತು. ಸಾಹೇಬರ ಹೆಂಡತಿ ಮರಿಯಮಬೀ ಪಾತ್ರೆಯಲ್ಲಿ ಇಣುಕಿ, "ಬಾಯಾರ, ಈ ನೀರ ಕುಡದ್ರ ಕಲ್ಲೂ ಹಜಂ ಆಗ್ತದರಿ" ಎಂದು ನಕ್ಕರು.

ಈಗ ದಿನವೂ ಬೆಳಿಗ್ಗೆ ನಿನ್ನ ಅಪ್ಪ ಈಜುತ್ತಾರೆ, ನಾನು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತೇನೆ. ಸಂಜೆ ಗುಮ್ಮಟಗಳ ಕಡೆ ತಿರುಗಾಡಲು ಹೋಗುತ್ತೇವೆ. ಮುಂದೆ ಹೋದವರು ನಿಂತು, "ಸಾವಕಾಶ ಬಾ, ಅವಸರ ಏನದ" ಅನ್ನುತ್ತಾರೆ. ಮದುವೆಯಾಗಿ ಮೂವತ್ತಮೂರು ವರ್ಷ. ಅವರು ನನಗಾಗಿ ನಿಂತದ್ದನ್ನು ನಾನು ಕಂಡದ್ದು ಈಗಲೇ. ಸುಖವಾಗಿದ್ದೇನೆ ಮಗಳೇ.

ಯುಗಾದಿಗೆ ಮಕ್ಕಳನ್ನು ಕರೆದುಕೊಂಡು ಬಾ. ಅಜ್ಜ ಈಜು ಕಲಿಸುತ್ತಾರಂತೆ.

ನಿನ್ನ ತಾಯಿ,
ಅಂಜನಾಬಾಯಿ

ತಾ.ಕ.: ಅವರು ಬಾವಿಗೆ ಹೋಗಿದ್ದಾರೆ, ಅದಕ್ಕೇ ಇದನ್ನು ಬರೆಯುವ ಧೈರ್ಯ. ನೀರು ಕೆಟ್ಟದ್ದೆಂದು ಹಿತ್ತಲ ಬಾವಿ ಮುಚ್ಚಿಸುತ್ತೀರಿ, ಈಗಲೂ ಊರ ಬಾವಿಯಿಂದಲೇ ಹೊತ್ತು ತರುತ್ತೀ ಎಂದು ನೀನು ಬರೆದದ್ದು ಓದಿ ನನಗೆ ತುತ್ತು ಇಳಿಯುತ್ತಿಲ್ಲ. ಮುಚ್ಚಿಸಬೇಡಿ. ನಿಮ್ಮ ನೀರು ಒಳ್ಳೆಯದೇ. ಅಂದು ಬೇಳೆ ಬೇಯುವ ಮೊದಲೇ ಪಾತ್ರೆಗೆ ಹುಣಸೆಹುಳಿ ಹಿಂಡಿದವಳು ನಾನು. ಹುಳಿ ಬಿದ್ದ ಬೇಳೆ ಎಲ್ಲಾದರೂ ಬೆಂದೀತೇ? ನಿನ್ನ ಮನೆಗೆ ಬಂದರೆ ಅವರು ಮೊಮ್ಮಕ್ಕಳ ಅಜ್ಜ, ಅಳಿಯನ ಮಾವ, ಓಣಿಯವರಿಗೆಲ್ಲ ಗಿರ್ದಾವರ ಸಾಹೇಬರು. ನಾಲ್ಕು ದಿನವಾದರೂ ನನ್ನೊಬ್ಬಳ ಗಂಡನಾಗಿರಲಿ ಅಂತ ಆಸೆಯಾಯಿತು. ಈ ಹಾಳೆ ಅಳಿಯಂದಿರಿಗೆ ತೋರಿಸು, ನಿನ್ನ ಅಪ್ಪನಿಗೆ ಮಾತ್ರ ಬೇಡ.