ಅರ್ಥಿಂಗ್ ಇಲ್ಲದ ಮೇಜು

ಮಾರ್ಚ್ 3, ಬೆಳಿಗ್ಗೆ 10
ಮತ್ತೆ ಚುರ್ ಎಂದಿತು. ಚಾರ್ಜರ್ ಸಿಕ್ಕಿಸಿ ಲ್ಯಾಪ್‌ಟಾಪಿನ ಮೇಲೆ ಎಡಗೈ ಇಟ್ಟರೆ ಸಾಕು, ಮಣಿಕಟ್ಟಿನವರೆಗೆ ಇರುವೆ ಹರಿದ ಹಾಗೆ. ಪ್ರೆಸ್ಸಿನಲ್ಲಿ ನಾವು ಪುಟ ಕಟ್ಟುವ ಕೋಣೆಗೆ ಚಪ್ಪಲಿ ಹಾಕಿ ಬರುವಂತಿಲ್ಲ — ಧೂಳು ಮಿಷಿನ್ನಿಗೆ ಹೋಗುತ್ತದಂತೆ. ಬರಿಗಾಲು, ಸಿಮೆಂಟ್ ನೆಲ. ಇನ್ನೇನಾಗುತ್ತದೆ!

ಪಕ್ಕದ ಪ್ರೂಫ್ ರೀಡರ್ ಮುಟ್ಟಿ ನೋಡಿದರು. ಹೌಹಾರಿದರು. "ಮನೇಲಿ ಹೆಂಡ್ತಿ, ಇಲ್ಲಿ ಇದು. ಎಲ್ಲಾ ಕಡೆ ಶಾಕೇ ಬರೆದಿದೆ ನನ್ನ ಹಣೇಲಿ."

ನಗು ಬಂತು. ಅದಕ್ಕಿಂತ ಹೆಚ್ಚಾಗಿ ಸಮಾಧಾನ. ಅವರಿಗೂ ಹೊಡೆಯಿತು.

ಮಾರ್ಚ್ 4
ಯಾಕೆ ಸಮಾಧಾನ ಎಂದು ಬರೆದೇಬಿಡುತ್ತೇನೆ. ಅಪ್ಪನಿಗೆ ಶುರುವಾದದ್ದೂ ಎಡಗೈ ಕಿರುಬೆರಳಿನಿಂದಲೇ. ದರ್ಜಿ. ಮೊದಲು ಜುಮುಜುಮು, ಆಮೇಲೆ ಸೂಜಿ ಜಾರುವುದು... ಮೂರನೇ ವರ್ಷ ತನ್ನ ಅಂಗಿಯ ಗುಂಡಿಯನ್ನೇ ಹಾಕಿಕೊಳ್ಳಲು ಆಗಲಿಲ್ಲ. ಮಕ್ಕಳಿಗೂ ಬರಬಹುದು ಎಂದು ಡಾಕ್ಟರು ಅಂದೇ ಹೇಳಿದ್ದರು.

ಅಕ್ಕನಿಗೆ ಫೋನ್ ಮಾಡಿ ಶಾಕ್ ಹೊಡೆಯುವ ಕಥೆ ಹೇಳಿದೆ. "ಹಗ್ಗ ನೋಡಿ ಹಾವು ಅಂತ ಹೆದರಬೇಡ ಕಣೇ. ಮೊದ್ಲು ಆ ವೈರ್ ಸರಿ ಮಾಡಿಸು."

ಮಾಡಿಸಬೇಕು. ಅವಸರವೇನಿಲ್ಲ.

ಮಾರ್ಚ್ 19
ಇವತ್ತು ಪ್ರೆಸ್ಸಿನ ಯಜಮಾನರಿಗೇ ಶಾಕ್ ಹೊಡೆಯಿತು. ಅರ್ಧ ಗಂಟೆಯಲ್ಲಿ ಎಲೆಕ್ಟ್ರಿಷಿಯನ್ ಹಾಜರ್! ಸಾಕೆಟ್ ಬಿಚ್ಚಿ ತೋರಿಸಿದ — ಮೂರು ತೂತು, ಎರಡೇ ವೈರ್.

"ಅರ್ಥಿಂಗೇ ಕೊಟ್ಟಿಲ್ಲ ನೋಡಿ. ಒಂದು ಗಂಟೆ ಕೆಲಸ."

"ನಾಳೆ ಬನ್ನಿ, ಅರ್ಜೆಂಟ್ ಪುಟಗಳಿವೆ" ಎಂದೆ. ಸುಳ್ಳು. ಯಜಮಾನರು ನನ್ನ ಮುಖ ನೋಡಿದರು.

ಮಾರ್ಚ್ 20, ಮಧ್ಯಾಹ್ನ 12
ಆಯಿತು. ಅರ್ಥಿಂಗಿನ ಹಸಿರು ವೈರ್ ಬಂತು. ಪ್ರೂಫ್ ರೀಡರ್ ಅಂಗೈಯನ್ನೇ ಒತ್ತಿ ಇಟ್ಟರು. "ಪಾಪ, ಸತ್ತೇಹೋಯ್ತು. ನಿಮಗೆ?"

"ನನಗೂ ಏನಿಲ್ಲ."

ಇತ್ತು.

ಮಾರ್ಚ್ 23
ಬ್ಯಾಗಿನಲ್ಲಿ ರಬ್ಬರ್ ಚಪ್ಪಲಿ ಬಚ್ಚಿಟ್ಟು ತಂದೆ. ಕಾಲಡಿಗೆ ಮರದ ಮಣೆ. ಆದರೂ ಅದೇ. ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆಸಿದೆ. ಟೆಸ್ಟರ್ ಇಟ್ಟ, ಅದರ ದೀಪ ಉರಿಯಲಿಲ್ಲ.

"ಇದ್ರಲ್ಲಿ ಏನೂ ಇಲ್ಲ ಮೇಡಂ."

ಇನ್ನೊಂದು ಸಲ ನೋಡಿ ಎಂದೆ. ನೋಡಿದ. ಒಳ್ಳೆಯವನು. ದೀಪ ಉರಿಯಲಿ ಎಂದು ನಾನು ಇಷ್ಟು ಬೇಡಿಕೊಂಡದ್ದು ಯಾವತ್ತೂ ಇಲ್ಲ.

ಏಪ್ರಿಲ್ 11, ಮಧ್ಯಾಹ್ನ 3
ವೈರ್ ಸರಿಹೋಯಿತಾ ಎಂದು ಅಕ್ಕ ದಿನಾ ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತಿದ್ದೇನೆ. ಅವಳೂ ಅದೇ ಅಪ್ಪನ ಮಗಳು, ಅದಕ್ಕೆ.

ಈಗ ಕರೆಂಟ್ ಹೋಗಿದೆ. ಇಡೀ ಬೀದಿಗೇ ಇಲ್ಲ. ಫ್ಯಾನ್ ನಿಂತಿದೆ. ಎಲ್ಲರೂ ಗಾಳಿಗೆಂದು ಹೊರಗೆ ಹೋದರು. ಲ್ಯಾಪ್‌ಟಾಪ್ ಮುಚ್ಚಿ ಕಪಾಟಿನಲ್ಲಿಟ್ಟೆ. ಮೇಜಿನ ಮೇಲೆ ಈ ನೋಟ್‌ಬುಕ್ ಬಿಟ್ಟರೆ ಏನೂ ಇಲ್ಲ. ಎಡಗೈಯಲ್ಲಿ ಪುಟ ಒತ್ತಿ ಹಿಡಿದಿದ್ದೇನೆ. ಕಿರುಬೆರಳಿನಿಂದ ಶುರುವಾಗಿ...