ಅರಿಶಿಣ ಹಚ್ಚಿದ ಸುಳ್ಳು ವಿಳಾಸ

9-1-1973, ಮಂಗಳವಾರ

ಇವತ್ತೂ ವಿಳಾಸ ಹುಟ್ಟಿಸಿದ್ದೇ ಕೆಲಸ. ಸೇಡಂ, ಚಿಂಚೋಳಿ ಮುಗಿದವು. ಚಿತ್ತಾಪುರ ಕಡೆಯ ಹಳ್ಳಿಗಳು ಉಳಿದಿವೆ.

ಶಹಾಬುದ್ದೀನ ಸಾಬರು ಟಪಾಲು ಸಾರ್ಟರ್ ಆಗಿ ರಿಟೈರ್ ಆದವರು. ವಾಡಿಯ ತಮ್ಮ ಮನೆಯಲ್ಲೇ ಸಾರ್ಟಿಂಗ್ ಪರೀಕ್ಷೆಗೆ ಮಂದಿಯನ್ನು ತಯಾರು ಮಾಡುತ್ತಾರೆ. ಪೋಸ್ಟ್ ಕಾರ್ಡಿನ ವಿಳಾಸ ನೋಡಬೇಕು, ಆಯಾ ಊರಿನ ಖಾನೆಗೆ ಹಾಕಬೇಕು. ಆ ಕಾರ್ಡುಗಳ ಮೇಲೆ ಸುಳ್ಳು ವಿಳಾಸ ಬರೆಯುವವನು ನಾನು. ಈಗ ಹೊಸದಾಗಿ ಪಿನ್ ಕೋಡ್ ಬೇರೆ. ಒಂದು ಅಂಕಿ ತಪ್ಪಿದರೆ... ಬರೆದು ನೋಡುತ್ತೇನೆ. ಮತ್ತೆ ನೋಡುತ್ತೇನೆ. ಐದನೇ ಇಯತ್ತೆ ನಡುವೆ ಸಾಲೆ ಬಿಟ್ಟವನು. ಗಣಿಯಿಂದ ಹೊರಡುವ ಶಹಾಬಾದ ಕಲ್ಲಿನ ಮೇಲೆ ಬಣ್ಣದಲ್ಲಿ ಅದು ಹೋಗುವ ಊರ ಹೆಸರು ಬರೆದು ಬರೆದು ಅಕ್ಷರ ದುಂಡಗಾಗಿವೆ, ಅಷ್ಟೇ.

ಕೊಡ್ಲಿಯ ಕಾರ್ಡು ಸಾಬರಿಗೆ ಒಪ್ಪಿಗೆಯಾಗಲಿಲ್ಲ.

"ಕೊಡ್ಲಿಗಿ ರೈಲೇ ಇಲ್ಲ, ಸ್ಟೇಷನ್ ರೋಡ ಎಲ್ಲಿಂದ ತಂದಿ ಸಾಯಬಣ್ಣಾ? ಸುಳ್ಳು ಬರಿ. ಆದ್ರ ಸುಳ್ಳಂತ ಗೊತ್ತಾಗಬಾರ್ದು."

ಬದುಕಿದವರ ಹೆಸರು ಬರೆಯಲು ಭಯ. ಸತ್ತವರದಾದರೆ ಯಾರಿಗೂ ತ್ರಾಸಿಲ್ಲ. ದಂಡೋತಿಗೆ ಹೆಂಡತಿಯ ಅಪ್ಪನನ್ನೇ ಹಾಕಿದೆ — ಬಸವಂತರಾಯ, ಬೇವಿನ ಕಟ್ಟೆ ಹತ್ತಿರ, ದಂಡೋತಿ. ತೀರಿಕೊಂಡು ಬಹಳ ವರ್ಷವಾಯಿತು. ಆದರೂ ಬರೆಯುವಾಗ ಮಾವ ಎದುರಿಗೆ ಕುಂತು ನೋಡಿದಂತಾಯಿತು.

11-1-1973, ಗುರುವಾರ

ಖರೇ ಟಪಾಲಿನಲ್ಲಿ ಬೆರೆಯದಂತೆ ಕಾರ್ಡುಗಳ ಮೂಲೆ ಕತ್ತರಿಸು ಅಂದರು ಸಾಬರು. ಕತ್ತರಿ ಹಿಡಿದೆ. ಕೈ ಬರಲಿಲ್ಲ. ಮೂಲೆ ಹರಿದ ಕಾರ್ಡು ಅಂದರೆ ಸಾವಿನ ಸುದ್ದಿ. ಇಷ್ಟೊಂದು ಮನೆಗಳಿಗೆ — ಸುಳ್ಳು ಮನೆಯೇ ಇರಲಿ — ಸಾವು ಬರೆಯುವುದೇ? ಕತ್ತರಿ ಬಿಟ್ಟು ಮೂಲೆಗೆ ಅರಿಶಿಣ ಹಚ್ಚಿದೆ. ಗುರುತಿಗೆ ಗುರುತೂ ಆಯಿತು.

ಸಾಬರ ಹೆಂಡತಿ ಜಾನಬಿ ಅರಿಶಿಣ ಕೊಟ್ಟು ನಕ್ಕರು. "ಯಾರ್ದು ಶಾದಿ ಸಾಯಬಣ್ಣಾ? ನಮಗ ದಾವತ್ ಇಲ್ಲೇನು?"

ಸಂಜೆ ಸಾಬರು ಹೈದರಾಬಾದಿಗೆ ಬರೆದ ಕಾರ್ಡನ್ನು ಮೇಜಿನ ಮೇಲಿಂದ ಎತ್ತಿ ಟಪಾಲು ಡಬ್ಬಿಗೆ ಹಾಕಿ ಬಂದೆ. ಕೈಗೆ ದಪ್ಪ ಅನ್ನಿಸಿತು. ಏನೋ ಭ್ರಮೆ.

12-1-1973

ಭ್ರಮೆ ಅಲ್ಲ. ಇವತ್ತಿನ ಸಾರ್ಟಿಂಗಿನಲ್ಲಿ ದಂಡೋತಿಯ ಖಾನೆ ಖಾಲಿ. ಅರಿಶಿಣ ಹಸಿ ಇತ್ತು. ಸಾಬರ ಕಾರ್ಡಿಗೆ ಮಾವನ ಕಾರ್ಡು ಅಂಟಿ ಹೋಗಿದೆ. ಡಬ್ಬಿಗೆ ಓಡಿದೆ. ಟಪಾಲು ಎತ್ತಿಯಾಗಿತ್ತು.

ಹೋಗಲಿ. ಆ ಹೆಸರಿನವರು ಇಲ್ಲ ಅಂತ ವಾಪಸ್ ಬರುತ್ತದೆ... ಎಲ್ಲಿಗೆ ಬರುತ್ತದೆ? ಬರೆದವರ ಹೆಸರೇ ಅದರ ಮೇಲಿಲ್ಲ.

20-1-1973, ಶನಿವಾರ

ಹೆಂಡತಿ ಹಣಮಮ್ಮ ದಂಡೋತಿಯ ತವರಿನಿಂದ ಬಂದಳು. ಹೊಸ್ತಿಲು ದಾಟುವ ಮೊದಲೇ —

"ನಮ್ಮ ಮಾಳಮ್ಮಂದು ಗಟ್ಟಿ ಆಯ್ತ್ರಿ!"

ಮಾಳಮ್ಮ ಇವಳ ಅಣ್ಣ ಅಮೃತಪ್ಪನ ಮಗಳು. ಮೊದಲು ನೋಡಿಹೋದ ಎರಡು ಕಡೆಯವರು ತಿರುಗಿ ಬರಲಿಲ್ಲ. ಸುಲೇಪೇಟದವರು ದೀಪಾವಳಿಗೆ ಬಂದು ನೋಡಿದ್ದರು. ಒಪ್ಪಿಗೆಯಾದರೆ ಕಾರ್ಡು ಹಾಕುತ್ತೇವೆ ಅಂದು ಹೋಗಿದ್ದರು.

"ಕಾರ್ಡ ಬಂತು. ಅರಿಶಿಣ ಹಚ್ಚಿದ್ದು!"

"ಏನ ಬರದಾರ?"

"ಏನೂ ಬರದಿಲ್ಲ. ಅರಿಶಿಣ ಹಚ್ಚಿದ ಮ್ಯಾಲ ಬರಿಯೂದೇನದ? ಅದೂ ನಮ್ಮ ಅಪ್ಪನ ಹೆಸರಿಗಿ ಹಾಕ್ಯಾರ ನೋಡ್ರಿ, ಹಿರಿಯರ ಹೆಸರು ಹಿಡದು. ಎಂಥಾ ಮರ್ಯಾದಿ ಮಂದಿ!"

ಟಪಾಲಿನವನು ಹೆಸರು ಓದಿ, ಬಸವಂತರಾಯನ ಮನೆ ಅಂದರೆ ಇದೇ ಅಂತ ಕೊಟ್ಟು ಹೋಗಿದ್ದಾನೆ. ಸತ್ತರೂ ಮನೆ ಅವರದೇ. ಇದು ನನಗೆ ಯಾಕೆ ಹೊಳೆಯಲಿಲ್ಲ?

"ಸೋಮಾರ ಎಲಿ ಅಡಿಕಿ ತಗೊಂಡು ಸುಲೇಪೇಟಕ್ಕ ಹೋಗೂದು. ನೀವೂ ಬರಬೇಕಂತ. ಯಾಕ್ರಿ, ಮಾರಿ ಹಿಂಗ್ಯಾಕ ಆಯ್ತು?"

ಬಿಸಿಲು ಅಂದೆ. ಜನವರಿಯಲ್ಲಿ.

21-1-1973, ಭಾನುವಾರ

ಹೇಳದಿದ್ದರೆ ನಾಳೆ ಸುಲೇಪೇಟದ ಬಾಗಿಲಲ್ಲೇ ಮರ್ಯಾದೆ ಹೋಗುತ್ತದೆ. ಹೇಳಿದರೆ ಇವತ್ತೇ ಹೋಗುತ್ತದೆ, ಮಾಳಮ್ಮನ ಎದುರಿಗೆ. ಯಾವುದು ಕಡಿಮೆ ಕೆಟ್ಟದ್ದು? ಹೇಳಿಬಿಡುವುದೇ ಸರಿ ಅಂತ ದಂಡೋತಿಗೆ ಹೋದೆ.

ಮಾಳಮ್ಮ ನೀರು ತಂದಳು. ಕೇಳದಿದ್ದರೂ ದೇವರ ಜಗುಲಿಯಿಂದ ಕಾರ್ಡೂ ತಂದಳು. ಮೇಲೆ ಕುಂಕುಮ ಏರಿದೆ. ಕೆಳಗೆ ನನ್ನ ಅಕ್ಷರ.

"ಮಾಮಾ, ಅಕ್ಷರ ಭಾಳ ಚಂದ ಅವ ಅಲ್ಲ?" ಅಂದಳು. ಆಮೇಲೆ ಮೆಲ್ಲಗೆ, "ಅವರೇ ಬರದಿರಬೇಕು."

ಹೂಂ ಅಂದೆ. ಯಾಕೆ ಹೂಂ ಅಂದೆ?

22-1-1973, ಸೋಮವಾರ

ಸೇಡಂ ಮೇಲೆ ಬಸ್ಸು. ದಾರಿಯುದ್ದಕ್ಕೂ ಬಸ್ಸು ಕೆಡಲಿ ಅಂತ ಬೇಡಿದೆ. ಕೆಡಲಿಲ್ಲ.

ಅಮೃತಪ್ಪ ಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲೇ ಹೇಳಿದ, "ನಿಮ್ಮ ಕಾರ್ಡ ಮುಟ್ಟಿತ್ರಿ." ಹುಡುಗನ ಅಪ್ಪ ನಮ್ಮೆಲ್ಲರ ಮುಖ ನೋಡಿದ.

"ಕಾರ್ಡಾ? ನಾವಿನ್ನಾ..."

ಮುಗಿಯಿತು ಅಂದುಕೊಂಡೆ. ಒಳಗಿನಿಂದ ಮುದುಕಿಯ ದನಿ. ಹುಡುಗನ ಅಜ್ಜಿ ಮರೆಮ್ಮ.

"ನಾ ಹಾಕ್ಸೀನಿ! ಮನ್ಯಾಗ ಹಿರೇಕಿ ನಾ ಅದೀನೋ ಇಲ್ಲೋ? ಬೀಗರಿಗಿ ಬಾಗಲಾಗ ನಿಂದ್ರಿಸಿ ಏನ ಕೇಳ್ಲಿಕತ್ತಿ? ಬರ್ರಿ, ಒಳಗ ಬರ್ರಿ, ಕುಂದ್ರಿ."

ಮಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸಕ್ಕರೆ ಹಂಚಿದರು. ಎಲೆ ಅಡಿಕೆ ಅದಲುಬದಲಾಯಿತು. ನನಗೆ ಏನೂ ತಿಳಿಯದಾಯಿತು. ಮುದುಕಿ ಖರೇನೇ ಹಾಕಿಸಿದಳೇ? ಹಾಗಾದರೆ ಆ ಕಾರ್ಡು ಎಲ್ಲಿ? ಜಗುಲಿಯ ಮೇಲೆ ಇರುವುದು ನನ್ನದು. ನನ್ನದೇ ತಾನೇ?

ತಡೆಯಲಾಗಲಿಲ್ಲ. ಹೊರಡುವಾಗ ಕಟ್ಟೆಯ ಮೇಲೆ ಒಬ್ಬಳೇ ಇದ್ದಳು. ಕೇಳಿಯೇ ಬಿಟ್ಟೆ. "ಅಮ್ಮಾ, ಕಾರ್ಡ ಖರೇನೇ ನೀವ ಹಾಕ್ಸೀರೇನು?"

ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಿದಳು.

"ಹುಡುಗಿ ಎಲ್ಲಾರಿಗೂ ಮನಸಿಗಿ ಬಂದಾಳ. ನನ್ನ ಮಗ ದೀವಳಿಗಿಯಿಂದ ಇವತ್ತ ಹಾಕ್ತೀನಿ, ನಾಳಿಗಿ ಹಾಕ್ತೀನಿ ಅನ್ಲಿಕತ್ತಾನ. ಯಾರರೆ ಒಬ್ಬರು ಹಾಕಬೇಕಿತ್ತು, ಹಾಕ್ಯಾರ." ಆಮೇಲೆ, "ನೀ ಯಾಕ ಕೇಳ್ತೀಪ್ಪಾ?"

ಬಸ್ಸು ಬಂತು ಅಂದೆ. ಬಂದಿರಲಿಲ್ಲ.

2-2-1973, ಶುಕ್ರವಾರ

ಯುಗಾದಿ ಮುಗಿದ ಮೇಲೆ ಮದುವೆ. ಹಣಮಮ್ಮ ಸೀರೆಯ ಮಾತು ಬಿಟ್ಟು ಬೇರೆ ಆಡುತ್ತಿಲ್ಲ. ಕಾರ್ಡು ಜಗುಲಿಯ ಮೇಲೇ ಇದೆ. ಮಾಳಮ್ಮನ ಗಂಡ ಒಂದು ದಿನ ಅದರ ಅಕ್ಷರ ನೋಡಿದರೆ... ಬೇಡ. ಅದನ್ನು ಈಗ ಯೋಚಿಸುವುದು ಬೇಡ.

ಸಾಬರು ಹೊಸ ಕಾರ್ಡಿನ ಕಟ್ಟು ಕೊಟ್ಟರು. "ಹಳೇವು ಎಲ್ಲಾರಿಗೂ ಬಾಯಿಪಾಠ ಆಗ್ಯಾವ. ಹೊಸಾ ಮಂದಿ ಹುಟ್ಟಸು."

ಮೂಲೆ ಕತ್ತರಿಸಲೋ, ಅರಿಶಿಣ ಹಚ್ಚಲೋ, ಅದು ಆಮೇಲೆ. ಮೊದಲು ಹೆಸರು ಬೇಕು. ಕೊಡ್ಲಿಯಿಂದ ಶುರು ಮಾಡಿದೆ. ಯಾವ ಹೆಸರು ನೆನೆದರೂ ಆ ಮನೆಯ ಬಾಗಿಲಲ್ಲಿ ಯಾರೋ ನಿಂತು ಟಪಾಲಿನವನ ದಾರಿ ನೋಡುತ್ತಾರೆ. ಸತ್ತವರ ಮನೆಯಲ್ಲೂ. ಯಾರೂ ದಾರಿ ನೋಡದ ಮನೆ ಕೊಡ್ಲಿಯಲ್ಲಿ ಒಂದಾದರೂ...

ಊರು ಬರೆದೆ. ತಾಲೂಕು ಬರೆದೆ. ಪಿನ್ ಕೋಡ್ ಬರೆದೆ, ಮತ್ತೆ ನೋಡಿದೆ. ಸರಿ ಇದೆ. ಇನ್ನು ಮೇಲಿನ ಸಾಲಿಗೆ ಹೆಸರು —